ಹೆರಿಗೆ ವಾರ್ಡಿನಿಂದ ಹೊರಡುವ ಎಫ್‌ಐಆರ್

2018ರ ಅಕ್ಟೋಬರ್ 31ರಂದು ತಿರುಪ್ಪೂರಿನ ತ್ವರಿತಗತಿ ಮಹಿಳಾ ನ್ಯಾಯಾಲಯ ಒಬ್ಬ ಗಂಡಸಿಗೆ 10 ವರ್ಷ ಕಠಿಣ ಸಜೆ ವಿಧಿಸಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 5ನೇ ಕಲಮಿನ ಮೂರು ಉಪಕಲಮುಗಳು ಅವನ ಮೇಲೆ ಒಟ್ಟಿಗೆ ಬಿದ್ದಿದ್ದವು: ಬಾಲಕಿ ಬಸುರಿಯಾದದ್ದು, ಕೃತ್ಯ ಮತ್ತೆ ಮತ್ತೆ ನಡೆದದ್ದು, ಆರೋಪಿ ಸಂಬಂಧಿಯಾಗಿದ್ದದ್ದು. ಅವನು ಆ ಹುಡುಗಿಯ ಸೋದರಮಾವ. ಮೊದಲ ಸಲ ನಡೆದಾಗ ಅವಳಿಗೆ 14 ವರ್ಷ, ಮೊದಲ ಮಗುವಾದಾಗ 15, ಎರಡನೆಯದಾದಾಗ 17. ಮದ್ರಾಸ್ ಹೈಕೋರ್ಟ್ 2019ರ ಫೆಬ್ರವರಿಯಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಅವರಿಬ್ಬರ ಮದುವೆಯಾಗಿ ಸಂಸಾರ ನಡೆದಿತ್ತು. ಮೇಲ್ಮನವಿ ದೆಹಲಿಗೆ ಹೋದಾಗ ಸುಪ್ರೀಂ ಕೋರ್ಟ್ ಜಿಲ್ಲಾ ನ್ಯಾಯಾಧೀಶರ ಮೂಲಕ ಆ ಹೆಣ್ಣಿನ ಹೇಳಿಕೆ ತರಿಸಿಕೊಂಡಿತು. ಗಂಡ ತನ್ನನ್ನೂ ಮಕ್ಕಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದು ಆಕೆ ಹೇಳಿದಳು. 2022ರ ಮೇ 9ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ಪೀಠ, ತಮಿಳುನಾಡಿನಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಇರುವುದನ್ನೂ ಗಮನಿಸಿ, ಶಿಕ್ಷೆಯನ್ನು ರದ್ದುಪಡಿಸಿತು. ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ನಿದರ್ಶನವಾಗಿ ಬಳಸಬಾರದು ಎಂಬ ಮಾತನ್ನೂ ಸೇರಿಸಿತು.

ಆ ಕೊನೆಯ ಮಾತು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಎಷ್ಟು ಮನೆಗಳನ್ನು ಮುಟ್ಟಿತೋ! ‘ಕೊನೆಗೆ ಬಿಟ್ಟರಂತೆ’ ಎಂಬ ಸುದ್ದಿಯಂತೂ ಇಂಥ ಕಡೆ ಬೇಗ ಮುಟ್ಟುತ್ತದೆ. ಆದರೆ ಆ ಗಂಡಸಿನ ಕೃತ್ಯ ಕಾಯ್ದೆಯ ತಿದ್ದುಪಡಿಗಿಂತ ಹಿಂದಿನದು. 2019ರ ಆಗಸ್ಟ್ 16ರಿಂದ ಈಚೆಗೆ ಅದೇ ಕೃತ್ಯಕ್ಕೆ ಕನಿಷ್ಠ ಶಿಕ್ಷೆ 20 ವರ್ಷ; ಗರಿಷ್ಠ ಮರಣದಂಡನೆ. ಕನಿಷ್ಠಕ್ಕಿಂತ ಒಂದು ದಿನ ಕಡಿಮೆ ಕೊಡುವ ಅಧಿಕಾರ ಸೆಷನ್ಸ್ ನ್ಯಾಯಾಧೀಶರಿಗಿಲ್ಲ. 24ನೇ ವಯಸ್ಸಿನಲ್ಲಿ ಒಳಗೆ ಹೋದವನು 44ಕ್ಕೆ ಹೊರಗೆ ಬರುತ್ತಾನೆ. ತಿದ್ದುಪಡಿಯ ನಂತರ ದಾಖಲಾದ ಪ್ರಕರಣಗಳು ಈಗ ಒಂದೊಂದಾಗಿ ತೀರ್ಪಿನ ಹಂತಕ್ಕೆ ಬರುತ್ತಿವೆ. ಮದುವೆ ಮಾಡುವ ಮನೆಗಳ ಲೆಕ್ಕಾಚಾರ ಮಾತ್ರ ಹಳೆಯ ಕಾಯ್ದೆಯದ್ದೇ. ಈ ಅಂತರದೊಳಗೆ ಬೀಳುವ ಕುಟುಂಬಗಳು ಮುಂದಿನ ವರ್ಷಗಳಲ್ಲಿ ಹೆಚ್ಚಲಿವೆ ಎಂದು ನಾನು ಹೇಳುವುದು ಊಹೆಯಿಂದಲ್ಲ. ಅದಕ್ಕೆ ಆಧಾರಗಳು ಆರೋಗ್ಯ ಸಮೀಕ್ಷೆಯಲ್ಲೂ ಇವೆ, ಕಾನೂನಿನ ಪುಟಗಳಲ್ಲೂ ಇವೆ.

ಇದು ತಮಿಳರ ಮನೆಯ ಸಂಗತಿ, ನಮಗೇನು ಎನ್ನುವಂತಿಲ್ಲ. ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಲೆಯ ಮುಂದಿನ ಮಾತು ಕನ್ನಡವೇ. ಹುಡುಗಿ ಮೈನೆರೆದಾಗ ಸೋದರಮಾವ ಗುಡ್ಲು ಹಾಕುವುದು ಹಳೇ ಮೈಸೂರಿನ ಹಳ್ಳಿಗಳಿಗೂ ಗೊತ್ತು. ತಾಯ್‌ಮಾಮನ್, ಅಂದರೆ ಸೋದರಮಾವ, ಸೀರು ಎಂಬ ಉಡುಗೊರೆ ತರುವುದು ಕೊಂಗುನಾಡು ಎನ್ನುವ ಈ ಕೊಯಮತ್ತೂರು ಸೀಮೆಗೂ ಗೊತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ತಮಿಳುನಾಡಿನ ವಿವಾಹಿತ ಮಹಿಳೆಯರಲ್ಲಿ ಶೇ 28ರಷ್ಟು, ಕರ್ನಾಟಕದಲ್ಲಿ ಶೇ 27ರಷ್ಟು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ದೇಶದ ಸರಾಸರಿ ಶೇ 11. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ಎ.ಎಚ್. ಬಿಟಲ್ಸ್ ಜತೆಗೂಡಿ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಜತೆಗೇ ತಂದೆತಾಯಿಯರ ಸಂಬಂಧವನ್ನೂ ದಾಖಲಿಸಿಕೊಂಡಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ಒಳಸಂಬಂಧದ್ದಾಗಿತ್ತು, ಅವುಗಳಲ್ಲೂ ಸೋದರಮಾವ-ಸೋದರಸೊಸೆಯರ ಮದುವೆಯೇ ಮುಂದಿತ್ತು. ವಂಶವಾಹಿಗಳ ವಿಚಾರ ಬೇರೆಯೇ ಒಂದು ಲೇಖನ ಬೇಡುತ್ತದೆ. ಇಲ್ಲಿ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಒಳಸಂಬಂಧ ಅಪರಾಧವಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆಯರ ಸಂಬಂಧವನ್ನು ನಿಷಿದ್ಧ ಪಟ್ಟಿಯಲ್ಲಿಟ್ಟರೂ ಕುಲಾಚಾರವಿದ್ದರೆ ಬಿಟ್ಟುಕೊಡುತ್ತದೆ. ತೊಡಕು ಇರುವುದು ವಯಸ್ಸಿನಲ್ಲಿ. ಅದೇ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ಎನ್ನುತ್ತದೆ; ಆದರೆ ಅದಕ್ಕೆ ಮೊದಲೇ ನಡೆದ ಮದುವೆಯನ್ನು ಅಸಿಂಧು ಎನ್ನುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯೂ ಹಾಗೆಯೇ. ಅದರ 3ನೇ ಕಲಮಿನಂತೆ ಮದುವೆಯ ಹೊತ್ತಿಗೆ ಬಾಲಕ ಅಥವಾ ಬಾಲಕಿಯಾಗಿದ್ದವರು ನ್ಯಾಯಾಲಯಕ್ಕೆ ಹೋಗಿ ಕೇಳಿದರೆ ಮಾತ್ರ ಮದುವೆ ರದ್ದಾಗುತ್ತದೆ. ಹುಡುಗಿಗೆ ಇರುವ ಗಡುವು 20 ತುಂಬುವವರೆಗೆ. ಕೇಳದಿದ್ದರೆ ಮದುವೆ ನಿಲ್ಲುತ್ತದೆ. 2011ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ, ಇಂಥ ಮದುವೆ ಪೂರ್ಣ ಅರ್ಥದಲ್ಲಿ ಸಿಂಧುವಲ್ಲ, ಅಪ್ರಾಪ್ತೆಯನ್ನು ತನ್ನ ವಶಕ್ಕೆ ಕೊಡಿ ಎಂದು ಗಂಡ ಕೇಳುವಂತಿಲ್ಲ ಎಂದಿತು. ಆದರೂ ರದ್ದತಿಯ ಡಿಕ್ರಿ ಬರುವವರೆಗೆ ಮದುವೆ ಇದ್ದೇ ಇರುತ್ತದೆ ಎಂಬ ನಿಲುವನ್ನು ಉಳಿಸಿತು.

ಕೌಟುಂಬಿಕ ಕಾನೂನು ಹೀಗೆ ಗಂಡ ಎಂದು ಒಪ್ಪಿಕೊಂಡವನನ್ನು ದಂಡಸಂಹಿತೆ ಬೇರೆ ಕಣ್ಣಿನಿಂದ ನೋಡುತ್ತದೆ. ಹಳೆಯ ಭಾರತೀಯ ದಂಡಸಂಹಿತೆಯ 375ನೇ ಕಲಮಿನಲ್ಲಿ 15 ತುಂಬಿದ ಹೆಂಡತಿಯ ಜತೆಗಿನ ಸಂಬಂಧಕ್ಕೆ ವಿನಾಯಿತಿ ಇತ್ತು. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಆ 15ನ್ನು 18 ಎಂದು ಓದಬೇಕೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ 18 ಎಂದೇ ಅಚ್ಚಾಗಿದೆ. ಪೋಕ್ಸೊ ಕಾಯ್ದೆಯಲ್ಲಂತೂ ಮದುವೆಯ ವಿನಾಯಿತಿ ಮೊದಲಿನಿಂದಲೂ ಇಲ್ಲ. ಮದುವೆಯಿಂದ ಸಂಬಂಧಿಯಾದವನು ಎಸಗಿದರೆ ಅದು ಇನ್ನಷ್ಟು ಗಂಭೀರ ಎನ್ನುವುದು 5(ಎನ್) ಉಪಕಲಮು. ಅಂದರೆ ತಾಳಿ ಕಟ್ಟಿದ್ದು ರಕ್ಷಣೆಯಾಗುವ ಬದಲು ಆರೋಪದ ತೂಕವನ್ನು ಏರಿಸುತ್ತದೆ. ಸೋದರಮಾವನಾದರೆ ರಕ್ತದ ಕಡೆಯಿಂದಲೂ ಅವನು ಅದೇ ಉಪಕಲಮಿಗೆ ಸಿಗುತ್ತಾನೆ. ಹುಡುಗಿಗೆ 17 ವರ್ಷ 11 ತಿಂಗಳಾಗಿದ್ದರೂ ಕಾನೂನಿನ ಮುಂದೆ ಅವಳ ಒಪ್ಪಿಗೆಗೆ ಬೆಲೆಯಿಲ್ಲ.

ಈ ಎರಡು ಕಾನೂನುಗಳು ಮುಖಾಮುಖಿಯಾಗುವ ಜಾಗ ಠಾಣೆಯಲ್ಲ, ಸರ್ಕಾರಿ ಆಸ್ಪತ್ರೆ. ಇದು ತಮಿಳುನಾಡಿನ ವಿಶೇಷ. ಅದೇ ಐದನೇ ಸುತ್ತಿನ ಸಮೀಕ್ಷೆಯ ಪ್ರಕಾರ ಆ ರಾಜ್ಯದ ಹೆರಿಗೆಗಳಲ್ಲಿ ಶೇ 99.6ರಷ್ಟು ಆಸ್ಪತ್ರೆಗಳಲ್ಲೇ ಆಗುತ್ತವೆ. ಬಸುರಿನ ಆರಂಭದಲ್ಲೇ ಗ್ರಾಮ ಆರೋಗ್ಯ ದಾದಿ ಹೆಸರು ಬರೆದುಕೊಳ್ಳುತ್ತಾಳೆ, ಪಿಕ್‌ಮಿ ಎಂಬ ಗಣಕ ವ್ಯವಸ್ಥೆಯಲ್ಲಿ ನೋಂದಣಿ ಸಂಖ್ಯೆ ಬರುತ್ತದೆ, ಮುಂದೆ ಮಗುವಿನ ಜನನ ಪ್ರಮಾಣಪತ್ರಕ್ಕೂ ಆ ಸಂಖ್ಯೆಯನ್ನೇ ಕೇಳುತ್ತಾರೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು ಯೋಜನೆಯ 18,000 ರೂಪಾಯಿ ಬೇಕಿದ್ದರೆ ತಾಯಿಗೆ 19 ತುಂಬಿರಬೇಕು. ತಾಯಿ ಮತ್ತು ಶಿಶು ಮರಣ ಇಳಿಸುವುದರಲ್ಲಿ ದೇಶಕ್ಕೇ ಮಾದರಿಯಾದ ಏರ್ಪಾಡು ಇದು. ಹುಡುಗಿಯ ವಯಸ್ಸು ಮೊದಲ ಬಾರಿಗೆ ಸರ್ಕಾರಿ ದಾಖಲೆಯೊಂದರ ಮುಂದೆ ಬಂದು ನಿಲ್ಲುವುದೂ ಇಲ್ಲೇ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ 18 ತುಂಬದವಳು ಬಸುರಿಯಾಗಿ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅವರಿಗೇ. ಡ್ಯೂಟಿ ಡಾಕ್ಟರಿಗೆ ಆಯ್ಕೆಯೇ ಇಲ್ಲ.

ಹೀಗಾಗಿ ಪಲ್ಲಡದಲ್ಲೋ ಅವಿನಾಶಿಯಲ್ಲೋ ಮಗಳ ಸೀಮಂತ ಮುಗಿಸಿ, ಹಣ್ಣುಹೂವಿನ ತಟ್ಟೆ ಇನ್ನೂ ಮನೆಯಲ್ಲಿರುವಾಗಲೇ ಮಹಿಳಾ ಠಾಣೆಯಿಂದ ಫೋನ್ ಬಂದರೆ, ದೂರು ಕೊಟ್ಟವರು ಯಾರು ಎಂದು ಹುಡುಕುವುದು ವ್ಯರ್ಥ. ವೈರಿ ಯಾರೂ ಇಲ್ಲ, ತಾಯಿಯೇ ಕರೆದುಕೊಂಡು ಹೋಗಿ ಮಾಡಿಸಿದ ಸ್ಕ್ಯಾನಿಂಗ್ ಸಾಕು.

ಬರಲಿರುವ ಕೇಡು ಜೈಲಿನಲ್ಲೇ ನಿಲ್ಲುವುದಿಲ್ಲ. ವರದಿಯಾಗುತ್ತದೆ ಎಂದು ಗೊತ್ತಾದ ಮೇಲೆ ಮನೆಯವರು ಮಾಡುವ ಮೊದಲ ಕೆಲಸ ಆಸ್ಪತ್ರೆ ತಪ್ಪಿಸುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 10ರಿಂದ 19 ವರ್ಷದೊಳಗಿನ ತಾಯಂದಿರಿಗೆ ನಂಜು (ಎಕ್ಲಾಂಪ್ಸಿಯಾ), ಹೆರಿಗೆಯ ನಂತರದ ಗರ್ಭಕೋಶದ ಸೋಂಕು ತಗಲುವ ಅಪಾಯ 20ರಿಂದ 24ರ ತಾಯಂದಿರಿಗಿಂತ ಹೆಚ್ಚು. ಮಕ್ಕಳು ತೂಕ ಕಡಿಮೆಯಾಗಿ, ದಿನ ತುಂಬದೆ ಹುಟ್ಟುವುದೂ ಹೆಚ್ಚು. ಅಂದರೆ ವೈದ್ಯರ ಕಣ್ಣೆದುರು ಇರಲೇಬೇಕಾದವರೇ ಕಾನೂನಿಗೆ ಹೆದರಿ ಕಣ್ಮರೆಯಾಗುವವರು. ಅಸ್ಸಾಮಿನಲ್ಲಿ ಇದರ ದೊಡ್ಡ ರೂಪವನ್ನು ದೇಶ ನೋಡಿದೆ. 2023ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಬಾಲ್ಯವಿವಾಹದ ಹೆಸರಿನಲ್ಲಿ 3,000ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿತು. ಬಂಧನಕ್ಕೆ ಹೆದರಿ ಹದಿಹರೆಯದ ಬಸುರಿಯರು ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆತ್ತ ಸಂಗತಿಗಳು ಪತ್ರಿಕೆಗಳಲ್ಲಿ ವರದಿಯಾದವು. ಈ ಬಂಧನಗಳು ಜನರ ಖಾಸಗಿ ಬದುಕನ್ನೇ ಅಲ್ಲೋಲಕಲ್ಲೋಲ ಮಾಡಿವೆ ಎಂದು ಗುವಾಹಟಿ ಹೈಕೋರ್ಟ್ ಜಾಮೀನು ಕೊಡುತ್ತಾ ಹೇಳಿತು.

ಸುಪ್ರೀಂ ಕೋರ್ಟಿಗೂ ಈ ಭಯದ ಅರಿವಿದೆ. 2022ರ ಸೆಪ್ಟೆಂಬರ್ 29ರ ಗರ್ಭಪಾತ ಕುರಿತ ತೀರ್ಪಿನಲ್ಲಿ ಅದು ಒಂದು ಕಿಂಡಿ ತೆರೆಯಿತು: ಒಪ್ಪಿಗೆಯ ಸಂಬಂಧದಿಂದ ಬಸುರಿಯಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೋರಿದರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಹೆಸರು, ಗುರುತು ಬರೆಯಬೇಕಿಲ್ಲ. ಆ ಕಿಂಡಿ ಇರುವುದು ಗರ್ಭಪಾತಕ್ಕೆ ಮಾತ್ರ. ಮಗುವನ್ನು ಹೆರಬೇಕೆಂದು ಬಂದವಳಿಗೆ ಅದರಿಂದ ಉಪಯೋಗವಿಲ್ಲ. ಇದು ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಈಗ ಒಳಗೆ ಹೋದವನ ಕಡೆ ಬರೋಣ. ಸಾಮಾನ್ಯ ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧವನ್ನು ಸಾಬೀತುಪಡಿಸುವ ಹೊರೆ ಸರ್ಕಾರದ್ದು. ಪೋಕ್ಸೊ ಕಾಯ್ದೆಯ 29 ಮತ್ತು 30ನೇ ಕಲಮುಗಳು ಆ ಹೊರೆಯ ದೊಡ್ಡ ಪಾಲನ್ನು ಆರೋಪಿಯ ಬೆನ್ನಿಗೆ ಹೊರಿಸುತ್ತವೆ. ಮಗುವಿನ ಡಿಎನ್‌ಎ ಹೊಂದಿಕೊಂಡು, ತಾಯಿಯ ವಯಸ್ಸು 18ರೊಳಗೆ ಎಂದು ತೀರ್ಮಾನವಾದರೆ ವಕೀಲರಿಗೆ ವಾದಿಸಲು ಉಳಿಯುವುದು ತೀರ ಕಡಿಮೆ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲನ್ನು ವಿಚಾರಣೆಯಲ್ಲೇ ಕಳೆದರೆ ಬಿಡಬೇಕೆನ್ನುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಜೀವಾವಧಿ ಶಿಕ್ಷೆ ಸಾಧ್ಯವಿರುವ ಅಪರಾಧಗಳಿಗೆ ಅನ್ವಯಿಸುವುದಿಲ್ಲ, ಇದು ಅಂಥದ್ದೇ. 90 ದಿನದೊಳಗೆ ಆರೋಪಪಟ್ಟಿ ಬಾರದಿದ್ದರೆ ಸಿಗುವ ಕಡ್ಡಾಯ ಜಾಮೀನು ಮಾತ್ರ ಹಕ್ಕಾಗಿ ಉಳಿದಿರುತ್ತದೆ, ಅದನ್ನೂ ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿ ಕೇಳಬೇಕು. ಹುಡುಗನಿಗೂ 17 ಆಗಿದ್ದರೆ? ಆಗ ಅವನು ಬಾಲನ್ಯಾಯ ಮಂಡಳಿಯ ಮುಂದೆ. ಆದರೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಅಪರಾಧ ‘ಹೀನ’ ಅಪರಾಧವಾದ್ದರಿಂದ, 16 ದಾಟಿದವನನ್ನು ವಯಸ್ಕನಂತೆ ವಿಚಾರಣೆ ಮಾಡಬಹುದೇ ಎಂದು ಮಂಡಳಿ ಪರಿಶೀಲಿಸುತ್ತದೆ. ಒಬ್ಬರನ್ನೊಬ್ಬರು ಮೆಚ್ಚಿದ ಇಬ್ಬರು 17ರವರಲ್ಲಿ ಒಬ್ಬಳು ಸಂತ್ರಸ್ತೆ, ಇನ್ನೊಬ್ಬ ಆರೋಪಿ.

ಮನೆಯವರು ಒಪ್ಪಿ ಮಾಡಿದ ಮದುವೆಗಿಂತ ಮನೆ ಬಿಟ್ಟು ಓಡಿದವರ ಕಥೆ ಇನ್ನೂ ಬೇಗ ಠಾಣೆ ಸೇರುತ್ತದೆ. ತಿರುಪ್ಪೂರು ಅಂಥವರು ಬಂದು ತಲುಪುವ ಊರು. ಬನಿಯನ್ ಕಂಪನಿಗಳಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ಬಾಡಿಗೆ ಕೋಣೆಯಲ್ಲಿ ಯಾರು ಯಾರೆಂದು ಕೇಳುವವರು ಕಡಿಮೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಿಂದ, ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದ ಲಕ್ಷಗಟ್ಟಲೆ ಜನರ ನಡುವೆ ಒಂದು ಜೋಡಿ ಕರಗಿಹೋಗುವುದು ಸುಲಭ. ಜಾತಿ ಮೀರಿದ ಪ್ರೀತಿಗೆ ಈ ಸೀಮೆ ಏನು ಮಾಡಬಲ್ಲದು ಎಂಬುದು 2016ರ ಮಾರ್ಚ್ 13ರಂದು ಉಡುಮಲೈಪೇಟೆಯ ಬಸ್ ನಿಲ್ದಾಣದ ಬಳಿ ಹಾಡಹಗಲೇ ದಲಿತ ಯುವಕ ಶಂಕರ್ ಕೊಲೆಯಾದಾಗ ದೇಶಕ್ಕೇ ಗೊತ್ತಾಯಿತು. ಗಾಯಗೊಂಡು ಬದುಕುಳಿದ ಪತ್ನಿ ಕೌಸಲ್ಯಾ ಹೆತ್ತವರ ವಿರುದ್ಧವೇ ಸಾಕ್ಷಿ ನುಡಿದರು. 2017ರ ಡಿಸೆಂಬರ್ 12ರಂದು ತಿರುಪ್ಪೂರು ನ್ಯಾಯಾಲಯ ಆಕೆಯ ತಂದೆಯೂ ಸೇರಿ ಆರು ಮಂದಿಗೆ ಮರಣದಂಡನೆ ವಿಧಿಸಿತು. 2020ರ ಜೂನ್ 22ರಂದು ಹೈಕೋರ್ಟ್ ತಂದೆಯನ್ನು ಖುಲಾಸೆಗೊಳಿಸಿ, ಉಳಿದ ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಆ ದಂಪತಿ ವಯಸ್ಕರು. ಹುಡುಗಿಗೆ 17 ಆಗಿರುವಲ್ಲಿ ಮನೆಯವರಿಗೆ ಮಚ್ಚು ಬೇಕಿಲ್ಲ, ಒಂದು ದೂರು ಸಾಕು.

ಅದು ಎಷ್ಟು ಸಾಮಾನ್ಯ ಎನ್ನುವುದಕ್ಕೆ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ ಪೋಕ್ಸೊ ನ್ಯಾಯಾಲಯಗಳು 2016ರಿಂದ 2020ರವರೆಗೆ ಕೊಟ್ಟ 7,064 ತೀರ್ಪುಗಳನ್ನು ಓದಿದಾಗ ಶೇ 24.3ರಷ್ಟು ಪ್ರೇಮ ಸಂಬಂಧದವು. ಅವುಗಳಲ್ಲಿ ಶೇ 93.8 ಖುಲಾಸೆಯಲ್ಲಿ ಮುಗಿದಿದ್ದವು. ದೂರು ಕೊಟ್ಟವರಲ್ಲಿ ಹೆಚ್ಚಿನವರು ಹುಡುಗಿಯ ಮನೆಯವರು. ಖುಲಾಸೆಯ ಪ್ರಮಾಣ ನೋಡಿ ಸಮಾಧಾನಪಡುವ ಹಾಗಿಲ್ಲ. ಹುಡುಗಿ ಸಾಕ್ಷಿಕಟ್ಟೆಯಲ್ಲಿ ತಿರುಗಿ ನುಡಿದದ್ದರಿಂದ ಎಷ್ಟೋ ಪ್ರಕರಣಗಳು ಬಿದ್ದವು. ಮಗುವೇ ಸಾಕ್ಷ್ಯವಾಗಿ ನಿಂತಿರುವಾಗ ತಿರುಗಿ ನುಡಿದೂ ಪ್ರಯೋಜನವಿಲ್ಲ.

ಪಕ್ಕದ ಈರೋಡಿನ ಮಹಿಳಾ ಠಾಣೆಯಲ್ಲಿ ದಾಖಲಾದ ಇಂಥ ಒಂದು ಪ್ರಕರಣವನ್ನು 2021ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ರದ್ದುಪಡಿಸಿದರು. ಹದಿಹರೆಯದ ಪ್ರೇಮವನ್ನು ಶಿಕ್ಷಿಸುವುದು ಈ ಕಾಯ್ದೆಯ ಉದ್ದೇಶವಾಗಿರಲಿಲ್ಲ ಎಂಬುದು ಅವರ ತೀರ್ಪಿನ ಸಾರ. ಹುಡುಗಿ ಮತ್ತು ಅವಳ ತಾಯಿಯೇ ಬಂದು ಪ್ರಕರಣ ಬೇಡವೆಂದಿದ್ದರು. 2022ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ಅಂದಿನ ಡಿಜಿಪಿ ಸಿ. ಶೈಲೇಂದ್ರ ಬಾಬು, ಪ್ರೇಮ ಪ್ರಕರಣಗಳಲ್ಲಿ ಆತುರದ ಬಂಧನ ಬೇಡ, ನೋಟಿಸ್ ಕೊಟ್ಟು ಕರೆಸಿ ಎಂದು ಸುತ್ತೋಲೆ ಹೊರಡಿಸಿದರು. ಅದಕ್ಕೂ ಒಂದು ತಿಂಗಳ ಮೊದಲು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೇಳಿಕೊಂಡಿತ್ತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಶಿಕ್ಷೆ ತಗ್ಗಿಸುವ ವಿವೇಚನೆ ಕೊಡಿ ಎಂದಿತು. ಆ ವಿವೇಚನೆ ಇನ್ನೂ ಕಾಯ್ದೆಯೊಳಗೆ ಬಂದಿಲ್ಲ. ಸುತ್ತೋಲೆ ಬಂಧನವನ್ನು ಮುಂದೂಡಬಲ್ಲದು, ಕನಿಷ್ಠ ಶಿಕ್ಷೆಯನ್ನು ಮುಟ್ಟಲಾರದು.

ಇಷ್ಟು ಹೇಳಿ, ಕಾಯ್ದೆಯೇ ತಪ್ಪು ಎಂಬ ಭಾವನೆ ಬರಿಸಿದರೆ ಅನ್ಯಾಯವಾದೀತು. ಇದೇ ಕೊಯಮತ್ತೂರಿನ ಮಹಿಳಾ ನ್ಯಾಯಾಲಯ 2025ರ ಮೇ 13ರಂದು ಪೊಳ್ಳಾಚಿ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಒಂಬತ್ತು ಮಂದಿಗೆ ಬದುಕಿರುವವರೆಗೂ ಜೈಲು ಎಂದು ತೀರ್ಪಿತ್ತಿತು. ಬೇಟೆಯಾಡುವವರು ಇದ್ದಾರೆ, ಬಿಗಿಯಾದ ಕಾನೂನು ಬೇಕು. ಆರಂಭದಲ್ಲಿ ಹೇಳಿದ ಸೋದರಮಾವನ ಪ್ರಕರಣವೂ ನನಗೆ ನೆಮ್ಮದಿ ಕೊಡುವುದಿಲ್ಲ. 14 ವರ್ಷದವಳ ಜತೆ ವಯಸ್ಕ ಬಂಧು ನಡೆಸಿದ್ದನ್ನು ‘ಪದ್ಧತಿ’ ಎಂಬ ಮಾತು ತೊಳೆಯಲಾರದು. ಎರಡು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡ ಹೆಣ್ಣು ‘ಸುಖವಾಗಿದ್ದೇನೆ’ ಎನ್ನದೆ ಬೇರೇನು ತಾನೇ ಹೇಳಿಯಾಳು? 14ರವಳನ್ನೂ 17ರವಳನ್ನೂ ಒಂದೇ ಕಂತೆಗೆ ಕಟ್ಟಿರುವುದರಿಂದ ನಿಜವಾಗಿ ಕಾಪಾಡಬೇಕಾದವಳ ಪ್ರಕರಣವೂ ‘ಮನೆ ವಿಷಯ’ವಾಗಿ ಸಡಿಲಗೊಳ್ಳುತ್ತದೆ, ಸಂಸಾರ ಕಟ್ಟಿಕೊಂಡವಳ ಗಂಡನೂ 20 ವರ್ಷ ಒಳಗಿರುತ್ತಾನೆ.

2025ರ ಮೇ 23ರಂದು ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಇಂಥದ್ದೇ ಪ್ರಕರಣದಲ್ಲಿ ಅಪರಾಧ ಸಾಬೀತೆಂದು ಉಳಿಸಿಕೊಂಡೂ ಶಿಕ್ಷೆ ವಿಧಿಸದೆ ಬಿಟ್ಟಿತು. ತಜ್ಞರ ಸಮಿತಿ ಹುಡುಗಿಯನ್ನು ಮಾತನಾಡಿಸಿ ಕಂಡುಕೊಂಡದ್ದು: ಅವಳನ್ನು ಹೆಚ್ಚು ನೋಯಿಸಿದ್ದು ಆ ಸಂಬಂಧಕ್ಕಿಂತ ಅದರ ನಂತರದ ಠಾಣೆ, ಕೋರ್ಟು, ಗಂಡನನ್ನು ಬಿಡಿಸಿಕೊಳ್ಳುವ ಓಡಾಟ. ಶಿಕ್ಷೆ ಬಿಡಲು ನ್ಯಾಯಾಲಯ ಬಳಸಿದ್ದು ಸಂವಿಧಾನದ 142ನೇ ವಿಧಿಯನ್ನು. ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ದಾರಾಪುರದ ಮಗ್ಗದ ಮನೆಯಿಂದ ದೆಹಲಿಯ ಆ ಬಾಗಿಲವರೆಗೆ ಹೋಗಬಲ್ಲವರು ಎಷ್ಟು ಜನ?

ವಯಸ್ಸಿನ ದಾಖಲೆಯ ಬಗ್ಗೆ ಈ ಸೀಮೆಯಲ್ಲಿ ಒಂದು ಹಳೆಯ ಉದಾಸೀನವಿದೆ. ಸ್ಪಿನ್ನಿಂಗ್ ಮಿಲ್ಲುಗಳ ‘ಸುಮಂಗಲಿ’ ಯೋಜನೆ ನೆನಪಿರಬಹುದು. ಹದಿಹರೆಯದ ಹುಡುಗಿಯರನ್ನು ಸುಮಾರು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸಿಕೊಂಡು, ಕೊನೆಯಲ್ಲಿ ಮದುವೆ ಖರ್ಚಿಗೆಂದು ಇಡಿಗಂಟು ಕೊಡುವ ಏರ್ಪಾಡು. 2011ರಲ್ಲಿ ಎರಡು ಯುರೋಪಿಯನ್ ಸಂಸ್ಥೆಗಳ ವರದಿ ಅದನ್ನು ಜಗತ್ತಿನ ಮುಂದಿಟ್ಟಿತು. ಗಂಟು ಕೈಗೆ ಬಂದಾಗ ಮದುವೆ. ವಯಸ್ಸು ಎಷ್ಟೆಂದು ಕೇಳುವ ಅಗತ್ಯ ಯಾರಿಗೂ ಕಾಣುತ್ತಿರಲಿಲ್ಲ. ನ್ಯಾಯಾಲಯಕ್ಕೆ ಮಾತ್ರ ಅದೇ ಮೊದಲ ಪ್ರಶ್ನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮು ಹೇಳುವ ಕ್ರಮದಲ್ಲಿ ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನದೇ ಒಂದು ಪ್ರಕರಣದಲ್ಲಿ, ಶಾಲೆಯ ವರ್ಗಾವಣೆ ಪತ್ರವೊಂದನ್ನೇ ನೆಚ್ಚಿ ಹುಡುಗಿ ಅಪ್ರಾಪ್ತೆ ಎನ್ನಲಾಗದು ಎಂದು ಶಿಕ್ಷೆ ರದ್ದುಮಾಡಿತು. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿಗೆ ಬರೆದ ಜೂನ್ ತಿಂಗಳ ಹುಟ್ಟುಹಬ್ಬ ಒಬ್ಬನ 20 ವರ್ಷವನ್ನು ನಿರ್ಧರಿಸುವ ಸಾಧ್ಯತೆ ಹೀಗೆ ತಪ್ಪಿತು. ಆಧಾರ್ ಕಾರ್ಡು ಕೂಡ ವಯಸ್ಸಿಗೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿತು. ಆಧಾರ್‌ನಲ್ಲಿ ವರ್ಷ ತಿದ್ದಿಸಿ ಮಂಟಪ ಬುಕ್ ಮಾಡುವವರು ಇದನ್ನು ಗಮನಿಸಬೇಕು.

ಗಡಿಯಾಚೆ ಹೆಣ್ಣು ಕೊಟ್ಟು ತರುವ ಕನ್ನಡ ಮನೆಗಳಿಗೆ ಇನ್ನೊಂದು ಸಿಕ್ಕು ಇದೆ. ಕರ್ನಾಟಕ ತನ್ನ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ಘೋಷಿಸಿದೆ. ತಮಿಳುನಾಡಿನಲ್ಲಿ ಅದು ಕೇಳಿದರೆ ಮಾತ್ರ ರದ್ದು. ಮೆಟ್ಟುಪಾಳಯದ ಹುಡುಗಿಯನ್ನು 17ರಲ್ಲಿ ಚಾಮರಾಜನಗರದ ಕಡೆಗೆ ಕೊಟ್ಟರೆ, ಧಾರೆ ಯಾವ ಬದಿಯ ಛತ್ರದಲ್ಲಿ ನಡೆಯಿತು ಎಂಬುದರ ಮೇಲೆ ಅವಳು ಹೆಂಡತಿಯೋ ಅಲ್ಲವೋ ಎಂಬ ವಾದ ಹುಟ್ಟುತ್ತದೆ. ಗಂಡ ಬಿಟ್ಟುಹೋಗಿ ಜೀವನಾಂಶ ಕೇಳುವ ದಿನ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆಯೇ ಅದು. ಪೋಕ್ಸೊ ಶಿಕ್ಷೆಯ ವಿಷಯದಲ್ಲಿ ಮಾತ್ರ ಎರಡೂ ಬದಿ ಒಂದೇ ಅಳತೆ. ಐದನೇ ಸುತ್ತಿನ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18ರೊಳಗೆ ಮದುವೆಯಾದವರು ತಮಿಳುನಾಡಿನಲ್ಲಿ ಶೇ 12.8, ಕರ್ನಾಟಕದಲ್ಲಿ ಶೇ 21.3. ಅಸಿಂಧು ಎಂದು ಬರೆದ ರಾಜ್ಯದಲ್ಲೇ ಪ್ರಮಾಣ ಹೆಚ್ಚು, ಹಿಂದಿನ ಸುತ್ತಿಗಿಂತ ಇಳಿದದ್ದೂ ಅತ್ಯಲ್ಪ. ಹಾಗೆಂದೇ ಹುಡುಗಿಯರ ಮದುವೆಯ ವಯಸ್ಸನ್ನು 21ಕ್ಕೆ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. 2021ರ ಡಿಸೆಂಬರ್‌ನಲ್ಲಿ ಮಂಡಿಸಿದ ಆ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಸತ್ತಿತು. ಮತ್ತೆ ಬಂದರೆ 18ರಿಂದ 21ರವರೆಗಿನವರ ಮದುವೆಗಳೂ ಈ ಗೊಂದಲದೊಳಕ್ಕೆ ಬರುತ್ತವೆ.

ಮದುವೆ ನಿಶ್ಚಯವಾಗಿ ಇನ್ನೂ ನಡೆದಿಲ್ಲದ ಮನೆಗೆ ಕಾನೂನಿನಲ್ಲಿ ಸುಲಭದ ದಾರಿ ಇದೆ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿ. ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಲ್ಲರು, ಅದನ್ನು ಮೀರಿ ತಾಳಿ ಕಟ್ಟಿದರೆ ಆ ಮದುವೆ ತಮಿಳುನಾಡಿನಲ್ಲೂ ಅಸಿಂಧು. ನಡೆಸಿಕೊಟ್ಟ ಪುರೋಹಿತರಿಗೂ ಪ್ರೋತ್ಸಾಹಿಸಿದ ಹಿರಿಯರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡವಿದೆ. 11ನೇ ಕಲಮು ಹೆಂಗಸರಿಗೆ ಜೈಲಿನಿಂದ ವಿನಾಯಿತಿ ಕೊಡುತ್ತದೆ, ಆದರೆ ಅದು ಆ ಕಾಯ್ದೆಯೊಳಗೆ ಮಾತ್ರ. ಪೋಕ್ಸೊ ಕಾಯ್ದೆಯಡಿ ಕುಮ್ಮಕ್ಕಿನ ಆರೋಪ ಬಂದರೆ ತಾಯಿಗೂ ರಿಯಾಯಿತಿಯಿಲ್ಲ. ಸೋದರಮಾವನ ಪ್ರಕರಣದಲ್ಲಿ ಆ ತಾಯಿ ಆರೋಪಿಯ ಒಡಹುಟ್ಟಿದವಳೂ ಹೌದು.

ಮದುವೆ ನಡೆದುಹೋಗಿ, ಮಗು ಹೊಟ್ಟೆಯಲ್ಲಿದ್ದರೆ? ಆಸ್ಪತ್ರೆ ತಪ್ಪಿಸಬೇಡಿ ಎನ್ನುವುದೇ ಮೊದಲ ಮಾತು. ಜೈಲಿನಿಂದ ಹಿಂತಿರುಗಬಹುದು, ಹೆರಿಗೆಯಲ್ಲಿ ಸತ್ತವಳು ಹಿಂತಿರುಗುವುದಿಲ್ಲ. ಎರಡನೆಯದು, ಠಾಣೆಯಲ್ಲೇ ರಾಜಿ ಬರೆದುಕೊಟ್ಟರೆ ಮುಗಿಯಿತು ಎಂದು ಹೇಳುವ ಪಕ್ಷದ ಮುಖಂಡರನ್ನೋ ಊರಿನ ದೊಡ್ಡವರನ್ನೋ ನಂಬಬೇಡಿ. ಪೋಕ್ಸೊ ಪ್ರಕರಣ ರಾಜಿಯಾಗುವಂಥದ್ದಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು ರಾಜಿಯ ಆಧಾರದಲ್ಲಿ ರದ್ದುಪಡಿಸಿದ ರಾಜಸ್ಥಾನ ಹೈಕೋರ್ಟಿನ ಆದೇಶವನ್ನೇ ತಳ್ಳಿಹಾಕಿತು. ಹೈಕೋರ್ಟ್ ತನ್ನ ವಿಶೇಷಾಧಿಕಾರದಿಂದ ರದ್ದುಪಡಿಸುವುದು ಬೇರೆ. ಅದಕ್ಕೆ ಹುಡುಗಿಯ ಸ್ವತಂತ್ರ ಹೇಳಿಕೆ, ವಯಸ್ಸಿನ ಅಂತರ, ಮಗುವಿನ ಹಿತ ಎಲ್ಲವೂ ನ್ಯಾಯಾಧೀಶರ ಮುಂದೆ ಬರಬೇಕು. ಹುಡುಗಿಯ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅವಳು ಹೇಳುವುದೇ ಮುಂದಿನ ಎಲ್ಲ ಅರ್ಜಿಗಳ ಬುನಾದಿಯಾದ್ದರಿಂದ ಅಲ್ಲಿ ಅಮ್ಮನ ಪಾಠವನ್ನೂ ಒಪ್ಪಿಸಬಾರದು, ಅತ್ತೆಯ ಪಾಠವನ್ನೂ ಒಪ್ಪಿಸಬಾರದು.

ವಕೀಲರ ಫೀಸಿಗೆ ಮಗ್ಗ ಅಡವಿಡುವ ಮೊದಲು 15100 ಸಂಖ್ಯೆ ಒತ್ತಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ. 1987ರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ವಕೀಲರನ್ನು ಕೊಡಬೇಕು. ಬಂಧಿಸುವಾಗ ಕಾರಣ ತಿಳಿಸದಿದ್ದರೆ ಬಂಧನವೇ ಅಸಿಂಧು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಆ ಕಾರಣದ ಪ್ರತಿಯನ್ನೂ ಹುಡುಗಿಯ ಮೂಲ ಜನನ ದಾಖಲೆಯನ್ನೂ ಮೊದಲ ದಿನವೇ ವಕೀಲರ ಕೈಗೆ ಕೊಡಬೇಕು. ಮದುವೆಯೇ ಬೇಡವೆನ್ನುವ ಹುಡುಗಿಗೂ ಇದೇ 15100. ಅವಳ ಅರ್ಜಿಯನ್ನು ಜಿಲ್ಲಾ ನ್ಯಾಯಾಲಯದಲ್ಲಿ ಹಾಕಬೇಕು, ಅವಳಿಗೆ 20 ತುಂಬುವುದರೊಳಗೆ.